ಸಹಾಯ ಬೇಕು: ಕಾಕಾ ಅವರ ಜಾಝ್ ರೆಕಾರ್ಡುಗಳಿಗೆ ತಕ್ಕ ಮುಳ್ಳು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದವನು. ಕೋಲ್ಕತ್ತಾದಲ್ಲಿ ನೌಕರಿ ಮಾಡಿ ನಿವೃತ್ತರಾದ ನಮ್ಮ ಕಾಕಾ ಅವರು ತಮ್ಮ ಜಾಝ್ ರೆಕಾರ್ಡುಗಳನ್ನೆಲ್ಲ ನನಗೆ ಒಪ್ಪಿಸಿದ್ದಾರೆ. 1977ರ ಸೆಪ್ಟೆಂಬರಿನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ಕಾಸ್ಮೋಸ್ ತಂಡದೊಡನೆ ಮೋಹನ್ ಬಾಗಾನ್ 2–2ರ ಸಮಬಲ ಸಾಧಿಸಿದ್ದನ್ನು ಕಣ್ಣಾರೆ ಕಂಡವರು ಅವರು. ನನ್ನ ಫುಟ್ಬಾಲ್ ಹುಚ್ಚೂ ಅವರದೇ ಬಳುವಳಿ.

ಎಲ್‌ಪಿಗಳಿಗೆ, ಅಂದರೆ ನಿಧಾನವಾಗಿ ತಿರುಗುವ ಲಾಂಗ್ ಪ್ಲೇ ರೆಕಾರ್ಡುಗಳಿಗೆ, ತೊಂದರೆಯಿಲ್ಲ. ಆದರೆ ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಅವರ ಹನ್ನೊಂದು ಅರಗಿನ ರೆಕಾರ್ಡುಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅವುಗಳ ಗೆರೆ ಅಗಲವಾಗಿರುವುದರಿಂದ ಎಲ್‌ಪಿಯ ಸಣ್ಣ ಮುಳ್ಳು ತಳಕ್ಕಿಳಿದು, ಕಹಳೆಯ ಬದಲು ಬರೀ ಕರಕರ ಸದ್ದು ಕೇಳಿಸುತ್ತದೆ. ನನ್ನ ಯಂತ್ರದಲ್ಲಿ 78ರ ವೇಗವಿದೆ, ಸುಮಾರು 3 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ಮೊನೆಯ ಮುಳ್ಳು ಮಾತ್ರ ಇಲ್ಲ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಒಂದು ಮಧ್ಯಾಹ್ನವಿಡೀ ಅಲೆದರೂ ಸಿಗಲಿಲ್ಲ.

ಮಳೆಗಾಲದಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಚ್ಚಿ ಒರೆಸಿರೆಂದು ಅಂಗಡಿಯವರೊಬ್ಬರು ಸಲಹೆ ಕೊಟ್ಟರು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆಂದು ತಿಳಿದಿದ್ದರಿಂದ ಬಚಾವಾದೆ. ಅರಗಿಗೆ ಅಪಾಯವಾಗದಂತೆ ಬೂಷ್ಟು ತೆಗೆದು ಅನುಭವವಿರುವವರು ದಯವಿಟ್ಟು ವಿಧಾನ ತಿಳಿಸಬೇಕು. ಮುಳ್ಳು ದೊರೆಯುವ ಜಾಗ ಗದಗ, ಹಾವೇರಿಗಳಲ್ಲಿದ್ದರೂ ಹೋಗಿ ತರುತ್ತೇನೆ.

ಇನ್ನೊಂದು ವಿನಂತಿ: ಈ ಎರಡೂ ಹುಚ್ಚು ಇರುವವರು ಅವಳಿನಗರದಲ್ಲಿದ್ದರೆ ರಾತ್ರಿಯ ಪಂದ್ಯಗಳಿಗೆ ನಮ್ಮ ಮನೆಗೆ ಬನ್ನಿ. ಒಂದು ಬದಿಗೆ ಮೂರು ನಿಮಿಷದಂತೆ, ಹದಿನೈದು ನಿಮಿಷದ ವಿರಾಮದಲ್ಲಿ ನಾಲ್ಕು ಬದಿ ಕೇಳಿ ಚಹಾನೂ ಮುಗಿಸಬಹುದು.