‘ಗಡಸುತನ’ವೋ ‘ಸೆಟೆತ’ವೋ: ಹೃದಯ ಕವಾಟದ ಪೊರೆಯ ಪರೀಕ್ಷೆಗೆ ಪದ ಬೇಕು

ಬಳ್ಳಾರಿಯಿಂದ:
ಮಾನ್ಯರೇ, ನಮ್ಮೂರಿನ ಆರೋಗ್ಯ ಪ್ರದರ್ಶನಕ್ಕಾಗಿ ಹೃದಯ ಕವಾಟಗಳ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದು, ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕಾಗಿದೆ. ಕೃತಕ ಕವಾಟದ ಎಸಳುಗಳಿಗೆ ಬಳಸುವ ದನದ ಹೃದಯಾವರಣದ (ಹೃದಯವನ್ನು ಸುತ್ತಿರುವ ಪೊರೆಯ) ಪಟ್ಟಿಯೊಂದನ್ನು ಯಂತ್ರದ ಹಿಡಿಕೆಗಳ ನಡುವೆ ಸಿಕ್ಕಿಸಿ ಎಳೆದು, ಅದು ಎಷ್ಟು ಬಲಕ್ಕೆ ಹರಿಯುತ್ತದೆ ಎಂಬುದನ್ನೂ, ಅದನ್ನು ಇಂತಿಷ್ಟು ಹಿಗ್ಗಿಸಲು ಎಷ್ಟು ಬಲ ಬೇಕು ಎಂಬುದನ್ನೂ ಅಳೆಯುತ್ತಾರೆ. ಮೊದಲನೆಯದಕ್ಕೆ ‘ಕರ್ಷಣ ಬಲ’ ಎಂದಿದ್ದೇನೆ. ಎರಡನೆಯದಕ್ಕೆ, ಅಂದರೆ ಸ್ಟಿಫ್‌ನೆಸ್‌ಗೆ, ‘ಗಡಸುತನ’ ಎಂದು ಬರೆದು ಅಳುಕುತ್ತಿದ್ದೇನೆ. ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ‘ಫಿಕ್ಸ್ ಮಾಡಿದ’ ಅಂಗಾಂಶ ಎಂಬುದಕ್ಕೂ ಪದ ತೋಚಿಲ್ಲ.

ರಾಯಚೂರಿನಿಂದ:
‘ಗಡಸುತನ’ ತಪ್ಪು. ಗೀರಿದರೂ ಒತ್ತಿದರೂ ಗುರುತು ಬೀಳದ ಗುಣ ಅದು. ಸಂಡೂರಿನ ಅದಿರಿಗೆ ಒಪ್ಪೀತು, ತೆಳ್ಳನೆಯ ಪೊರೆಗಲ್ಲ. ನಿಮಗೆ ಬೇಕಾದದ್ದು ‘ಸೆಟೆತ’. ನಿಮ್ಮೂರಿನ ಜೀನ್ಸನ್ನೇ ನೋಡಿ: ತೊಳೆಯುವ ಮುನ್ನ ಸೆಟೆದುಕೊಂಡಿರುತ್ತದೆ, ತೊಳೆದ ಮೇಲೆ ಸೆಟೆತ ಇಳಿಯುತ್ತದೆ, ಆದರೆ ಅಷ್ಟಕ್ಕೇ ಅದು ಕೈಯಲ್ಲಿ ಹರಿದುಬರುವುದಿಲ್ಲ. ಹೃದಯಾವರಣದಲ್ಲಿ ಸೆಟೆತವೆಂಬುದು ಒಂದೇ ಅಂಕಿಯೂ ಅಲ್ಲ. ಸುಕ್ಕುಗಟ್ಟಿದ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ನೆಟ್ಟಗಾಗುವವರೆಗೆ ಪೊರೆ ಸಲೀಸಾಗಿ ಹಿಗ್ಗುತ್ತದೆ, ನೆಟ್ಟಗಾದೊಡನೆ ಸೆಟೆಯುತ್ತದೆ. ಎಳೆಗಳ ಉದ್ದಕ್ಕೆ ಎಳೆದರೆ ಒಂದು ಅಳತೆ, ಅಡ್ಡಕ್ಕೆ ಎಳೆದರೆ ಇನ್ನೊಂದು. ಈ ‘ಸೆಟೆಯುತ್ತದೆ’ ಎಂಬ ಕ್ರಿಯಾಪದವನ್ನು ಸ್ಟಿಫ್‌ನೆಸ್‌ಗೆ ಸಂಸ್ಕೃತದ ಪದವಾದ ‘ಅನಮ್ಯತೆ’ಯಿಂದ ಹುಟ್ಟಿಸಿ ತೋರಿಸಲಿ, ಸಂಸ್ಕೃತಪ್ರಿಯರು.

‘ಫಿಕ್ಸ್ ಮಾಡಿದ’ ಎಂಬುದಕ್ಕೆ ‘ಹದಗೊಳಿಸಿದ’ ಎನ್ನಿ. 1960ರ ದಶಕದ ಕೊನೆಗೆ ಫ್ರಾನ್ಸಿನ ಹೃದಯ ಶಸ್ತ್ರವೈದ್ಯ ಅಲೆನ್ ಕಾರ್ಪಾಂತಿಯೇ ಕವಾಟಗಳಿಗೆ ಬಳಸತೊಡಗಿದ ಗ್ಲುಟರಾಲ್ಡಿಹೈಡ್ ಚರ್ಮ ಹದ ಮಾಡುವವರ ರಾಸಾಯನಿಕವೂ ಹೌದು. ಎರಡೂ ಕಡೆ ಅದು ಕೊಲಾಜನ್ನನ್ನು ಒಂದಕ್ಕೊಂದು ಬೆಸೆದು ಕೊಳೆಯದಂತೆ ಮಾಡುತ್ತದೆ. ಇಷ್ಟು ಮಾಡಿದ ಮೇಲೆ ‘ಕವಾಟ’ವನ್ನೂ ಕಿತ್ತು ‘ಕದ’ ಎನ್ನುವುದೇ ಸರಿ.

ಕೊಪ್ಪಳದಿಂದ:
‘ಸೆಟೆತ’ಕ್ಕೆ ನನ್ನ ತಕರಾರಿಲ್ಲ, ‘ಹದ’ಕ್ಕೆ ಇದೆ. ನಮ್ಮ ಕಡೆ ಮಳೆ ಬಿದ್ದ ಮೇಲೆ ಹೊಲ ಹದಕ್ಕೆ ಬರುತ್ತದೆ, ಅಂದರೆ ಬಿತ್ತುವಷ್ಟು ಮೆದುವಾಗುತ್ತದೆ. ಒಂದೇ ಸಾಲಿನಲ್ಲಿ ಹದವನ್ನೂ ಸೆಟೆತವನ್ನೂ ಇಟ್ಟರೆ ಓದುವವರು ಏನೆಂದು ತಿಳಿಯಬೇಕು? ತೊಗಲುಗೊಂಬೆಯಾಟ ನೋಡಿ ಬೆಳೆದ ಜನ, ‘ಹದಗೊಳಿಸಿದ’ ಎಂದೊಡನೆ ಎದೆಯೊಳಗೆ ತೊಗಲು ಹೊಲಿಯುತ್ತಾರೆಂದು ಬೆಚ್ಚಿಬಿದ್ದಾರು. ‘ಸಂಸ್ಕರಿಸಿದ’ ಎಂದರೆ ಸಾಕು. ಇನ್ನು ‘ಕದ’ದ ಮಾತು: ಕವಾಟವನ್ನು ಸಂಸ್ಕೃತವೆಂದು ಹೊರಗಟ್ಟುವವರು ಗ್ಲುಟರಾಲ್ಡಿಹೈಡನ್ನು ಯಾವ ನ್ಯಾಯದಿಂದ ಒಳಗೆ ಬಿಟ್ಟುಕೊಂಡರು? ‘ಹೃದಯ’ವನ್ನೂ ‘ಗುಂಡಿಗೆ’ ಮಾಡಿದ ಮೇಲೆ ಈ ಚರ್ಚೆಗೆ ಬನ್ನಿ.

ರಾಯಚೂರಿನಿಂದ:
ಸಂಸ್ಕರಿಸುವುದು ಹಾಲನ್ನೂ ಕಡತವನ್ನೂ. ಪೊರೆಗೆ ಏನಾಯಿತೆಂದು ಆ ಪದ ಹೇಳುವುದೇ ಇಲ್ಲ.

ಬಳ್ಳಾರಿಯಿಂದ:
ಇಬ್ಬರಿಗೂ ವಂದನೆಗಳು. ‘ಸೆಟೆತ’ವನ್ನು ಬರೆದುಕೊಂಡೆ. ‘ಹದ’ವನ್ನು ರಾಸಾಯನಿಕದ ಕೆಲಸ ವಿವರಿಸುವ ಸಾಲಿನಲ್ಲಿ ಮಾತ್ರ ಉಳಿಸಿಕೊಂಡು, ತಲೆಬರಹದಲ್ಲಿ ‘ಸಂಸ್ಕರಿಸಿದ ಹೃದಯಾವರಣ’ ಎಂದು ಇಡುತ್ತಿದ್ದೇನೆ. ಕವಾಟ ಕವಾಟವಾಗಿಯೇ ಇರುತ್ತದೆ. ಕೃತಕ ಹೃದಯ ಕವಾಟಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 5840ರ ಪ್ರಕಾರ ಇಂಥ ಕವಾಟವನ್ನು ಯಂತ್ರದಲ್ಲಿ 20 ಕೋಟಿ ಸಲ, ಅಂದರೆ ಸುಮಾರು ಐದು ವರ್ಷಗಳ ಎದೆಬಡಿತದಷ್ಟು, ತೆರೆದು ಮುಚ್ಚಿ ನೋಡುವುದಕ್ಕೆ ‘ಬಾಳಿಕೆ ಪರೀಕ್ಷೆ’ ಎಂದು ಬರೆದಿದ್ದೇನೆ. ಅದಕ್ಕೂ ತಕರಾರಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕಾಗಿ ವಿನಂತಿ.