ಯೆಹೂದದ ಕಂಬದ ಬೊಂಬೆಗಳು: ಅಶೇರ ದೇವಿಯೇನಾ?

ಸೀಗೆಗುಡ್ಡ (ಹಾಸನ): ಎಂ.ಎ. ಮಕ್ಕಳಿಗೆ ಪಾಠ ಮಾಡಬೇಕು. ಕ್ರಿ.ಪೂ. 8ನೇ ಶತಮಾನದಿಂದ 6ನೇ ಶತಮಾನದ ಆರಂಭದವರೆಗೆ ಯೆಹೂದದಲ್ಲಿ (ಯೆರೂಸಲೇಮ್ ರಾಜಧಾನಿಯಾಗಿದ್ದ ಹಳೆಯ ರಾಜ್ಯ) ಸಿಗುವ ಹೆಣ್ಣು ಬೊಂಬೆಗಳು: ಕೈಯಲ್ಲಿ ಎದೆ ಹಿಡಿದಿರುತ್ತವೆ, ಸೊಂಟದ ಕೆಳಗೆ ಬರೀ ಕಂಬ. ಇವು ಅಶೇರ, ಅಂದ್ರೆ ಆ ಕಡೆ ಆಗ ಪೂಜಿಸುತ್ತಿದ್ದ ದೇವಿ, ಅಂತ ಹೇಳಿಬಿಡಬಹುದಾ? ಕತ್ತು ಮುರಿದಿರೋದು, ಬೇರೆ ದೇವರ ಪೂಜೆ ನಿಲ್ಲಿಸಿ ವಿಗ್ರಹ ಒಡೆಸಿದ ಯೆಹೂದದ ಯೋಷೀಯ ರಾಜನ ಸುಧಾರಣೆಯಲ್ಲಾ?

ಯಗಚಿ: ಎರಡನೇದು ಮೊದಲು. ಮೈ ಗಟ್ಟಿ ಮಣ್ಣು, ಕೈಯಲ್ಲೇ ಮಾಡಿದ್ದು, ಬುಡ ಅಗಲ. ತಲೆ ಎರಡು ಬಗೆ. ಒಂದರಲ್ಲಿ ಮಣ್ಣನ್ನು ಎರಡು ಬೆರಳಲ್ಲಿ ಚಿವುಟಿದರೆ ಮುಖ ಆಯ್ತು. ಇನ್ನೊಂದರಲ್ಲಿ ಗುಂಗುರು ಕೂದಲಿನ ಮುಖವನ್ನು ಅಚ್ಚಲ್ಲಿ ಒತ್ತಿ, ಕೆಳಗೆ ಗೂಟ ಬಿಟ್ಟು ಮೈಗೆ ಸಿಕ್ಕಿಸ್ತಾರೆ. ಬಿದ್ದರೆ ಮೊದಲು ಹೋಗೋದು ಕತ್ತೇ. ಬೇಕಂತ ಒಡೆದಿದ್ದರೆ ಮುಖದ ಮೇಲೆ, ಎದೆ ಮೇಲೆ ಹೊಡೆತದ ಗುರುತು ಹುಡುಕಬೇಕು. ಈ ಬೊಂಬೆಗಳ ಬಗ್ಗೆ ಪುಸ್ತಕ ಬರೆದ ಪುರಾತತ್ವಜ್ಞ ರಾಜ್ ಕ್ಲೆಟರ್ 1996ರಲ್ಲೇ ಈ ವಾದ ಮಂಡಿಸಿದರು. ಸಾಲದ್ದಕ್ಕೆ, ಸುಧಾರಣೆ ಕ್ರಿ.ಪೂ. 622ರ ಹೊತ್ತಿನದು, ಬೊಂಬೆಗಳು ಬಾಬಿಲೋನಿನವರು 586ರಲ್ಲಿ ಯೆರೂಸಲೇಮ್ ಹಾಳು ಮಾಡಿದ ಪದರದವರೆಗೂ ಸಿಗುತ್ತವೆ.

ರತ್ನಗಿರಿ ಬೋರೆ: ಯಾವ ಬೊಂಬೆ ಮೇಲೂ ಹೆಸರು ಬರೆದಿಲ್ಲ, ಅಲ್ಲೇ ತೊಡಕು. ಸಿನಾಯಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ 1975–76ರ ಅಗೆತದಲ್ಲಿ ಸಿಕ್ಕ ದೊಡ್ಡ ಜಾಡಿ ಮೇಲೆ 'ಸಮಾರ್ಯದ ಯೆಹೋವ ಮತ್ತು ಅವನ ಅಶೇರ' ಅಂತಿದೆ, ನಿಜ. ಆದರೆ ಅದು ಸುಮಾರು ಕ್ರಿ.ಪೂ. 800ರದು, ಜಾಗವೂ ಬೇರೆ. ಅಲ್ಲಿ 'ಅಶೇರ' ದೇವಿಯೋ ಮರದ ಕಂಬವೋ ಅನ್ನೋ ಜಗಳವೂ ಮುಗಿದಿಲ್ಲ. ಕ್ಲೆಟರ್ ಸ್ವತಃ ಅಶೇರ ಪಕ್ಷ. ಇನ್ನೊಬ್ಬ ಸಂಶೋಧಕಿ ಎರಿನ್ ಡಾರ್ಬಿ 2014ರ ಪುಸ್ತಕದಲ್ಲಿ ಮನೆಯವರ ರಕ್ಷಣೆ, ಕಾಯಿಲೆ ವಾಸಿ ಕಡೆ ಒಲಿದರು. ನನಗೆ ಡಾರ್ಬಿ ಮಾತೇ ಮೇಲು, ಯಾಕಂದ್ರೆ ಬಹುಪಾಲು ಸಿಕ್ಕಿರೋದು ಮನೆ, ಬೀದಿ, ಕಸದ ಗುಂಡಿ, ತುಂಬು ಮಣ್ಣಿನಲ್ಲಿ (ಹಳ್ಳ ತುಂಬಲು, ನೆಲ ಎತ್ತರಿಸಲು ತಂದು ಹಾಕಿದ ಮಣ್ಣು). ಆದರೂ ಇದು ಪೂರ್ತಿ ಸಾಕ್ಷಿ ಅಲ್ಲ: ತುಂಬು ಮಣ್ಣಿನಲ್ಲಿ ಸಿಕ್ಕಿದ್ದು ಎಸೆದ ಜಾಗ ಹೇಳುತ್ತೆ, ಬಳಸಿದ ಜಾಗ ಹೇಳಲ್ಲ. ನಮ್ಮ ಕಡೆ ಭಿನ್ನವಾದ ದೇವರ ಪಟ ಅರಳಿಕಟ್ಟೆ ಮೇಲೆ ಇಡ್ತಾರಲ್ಲ, ಅದನ್ನ ನೋಡಿ ಪೂಜೆ ಅಲ್ಲೇ ನಡೀತಿತ್ತು ಅಂದ್ರೆ ಹೇಗೆ?

ಸೀಗೆಗುಡ್ಡ: ಸರಿ ಸರ್. ಅರ್ಧದಷ್ಟು ಯೆರೂಸಲೇಮಿನಲ್ಲೇ ಅಂತಾರಲ್ಲ, ಆ ಎಣಿಕೆ ನಂಬಬಹುದಾ?

ಯಗಚಿ: ಅಲ್ಲಿ ಅಗೆದಿರೋದೂ ಜಾಸ್ತಿ, ಅದನ್ನ ಕಳೆದು ನೋಡಿ. ಮಕ್ಕಳಿಗೆ ಅಭ್ಯಾಸ ಕೊಡೋದಾದ್ರೆ ತಲೆ, ಮೈ, ಬುಡ ಬೇರೆಬೇರೆ ಎಣಿಸಲಿ. 40 ತಲೆ, 55 ಬುಡ ಇದ್ರೆ 95 ಬೊಂಬೆ ಅಲ್ಲ, ಕನಿಷ್ಠ 55. ಪ್ರತಿ ಚೂರಿಗೂ ಪದರ, ನೆಲದ ಮೇಲೋ ತುಂಬು ಮಣ್ಣಲ್ಲೋ, ಒಡೆದ ಅಂಚು ಹಳೆಯದೋ ಅಗೆಯುವಾಗ ಆದದ್ದೋ ಬರೆಸಿ. ಸುಟ್ಟ ಮೇಲೆ ಸುಣ್ಣ ಬಳಿದು, ಅದರ ಮೇಲೆ ಕೆಂಪು, ಹಳದಿ ಹಚ್ಚಿರ್ತಾರೆ. ಬ್ರಷ್ ಹಾಕಿ ಉಜ್ಜಿ ತೊಳೆದ್ರೆ ಅದೇ ಮೊದಲು ಹೋಗೋದು. ಆಮೇಲೆ 'ಬಣ್ಣ ಇರಲಿಲ್ಲ' ಅಂತ ವರದಿ ಬರೆಯೋರೂ ಇದ್ದಾರೆ.