ಕೊಡಗಿನಿಂದ ಲಕ್ಷದ್ವೀಪಕ್ಕೆ: ಮೊದಲು ಪರ್ಮಿಟ್, ಆಮೇಲೆ ಟಿಕೆಟ್

ಪ್ರಶ್ನೆ (ಗೋಣಿಕೊಪ್ಪದಿಂದ): ಮೇಡಂ, ನೀವು ಟೂರ್ ಆಫೀಸ್ ನಡೆಸುವವರು, ಅದಕ್ಕೇ ಕೇಳುತ್ತಿದ್ದೇನೆ. ರೋಬಸ್ಟಾ ಕಾಫಿ ಕೊಯ್ಲು ಮುಗಿದ ಮೇಲೆ ಮನೆಯವರೆಲ್ಲ ಲಕ್ಷದ್ವೀಪಕ್ಕೆ ಹೋಗೋಣ ಅಂತಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅವ್ವ. ಅವ್ವನಿಗೆ 71 ವರ್ಷ, ಮಂಡಿ ನೋವು ಇದೆ. ಹಡಗಿನಲ್ಲಿ ಹೋಗುವುದು ಒಳ್ಳೆಯದೋ, ವಿಮಾನವೋ? ಯಾವ ತಿಂಗಳು? ಅಲ್ಲಿ ವಿಮಾನ ನಿಲ್ದಾಣ ಇರುವ ಅಗತ್ತಿ ದ್ವೀಪಕ್ಕೆ ಟಿಕೆಟ್ ಈಗ ಕಡಿಮೆಗೆ ಕಾಣಿಸುತ್ತಿದೆ, ಬುಕ್ ಮಾಡಿಬಿಡಲಾ?

ಉತ್ತರ: ಬೇಡ ಸರ್, ಸ್ವಲ್ಪ ತಡೆಯಿರಿ. ಗೋವಾ, ಅಂಡಮಾನ್ ಥರ ಟಿಕೆಟ್ ತೆಗೆದು ಹೊರಡುವ ಜಾಗ ಅಲ್ಲ ಇದು. ದ್ವೀಪದವರಲ್ಲದ ಯಾರೇ ಆಗಲಿ, ಭಾರತದವರೇ ಆದರೂ, ಪ್ರವೇಶದ ಪರ್ಮಿಟ್ ಬೇಕು. 1967ರಿಂದ ಇದಕ್ಕೆ ನಿಯಮವೇ ಇದೆ. ಅಲ್ಲಿನ ಜನರಲ್ಲಿ ಹೆಚ್ಚಿನವರು ಪರಿಶಿಷ್ಟ ಪಂಗಡದವರು. ಹತ್ತು ದ್ವೀಪಗಳಲ್ಲಿ ಮಾತ್ರ ಜನವಸತಿ, ಎಲ್ಲ ದ್ವೀಪಗಳ ನೆಲ ಸೇರಿಸಿದರೂ 32 ಚದರ ಕಿಲೋಮೀಟರ್. ಎಲ್ಲರೂ ಒಟ್ಟಿಗೆ ನುಗ್ಗಿದರೆ ಕುಡಿಯುವ ನೀರಿಗೂ ತತ್ವಾರ. ವೀಕೆಂಡಿನಲ್ಲಿ ಮಡಿಕೇರಿ ಏನಾಗುತ್ತದೆ ಅಂತ ನೋಡಿದ ನಮಗೆ ಈ ನಿಯಮ ಅರ್ಥವಾಗಬೇಕು, ಅಲ್ವಾ?

ಹಾಗಾಗಿ ಮೊದಲು ಉಳಿಯುವ ಜಾಗ ಗಟ್ಟಿ ಮಾಡಿ. ಸರ್ಕಾರಿ ಪ್ಯಾಕೇಜ್ ಇರಲಿ, ರೆಸಾರ್ಟ್ ಇರಲಿ, ಹೋಮ್‌ಸ್ಟೇ ಇರಲಿ, ನಿಮ್ಮ ಜವಾಬ್ದಾರಿ ಹೊರುವವರು ಅಲ್ಲಿ ಒಬ್ಬರು ಇರಬೇಕು. ಅವರ ಮೂಲಕವೇ ಅರ್ಜಿ ಮುಂದೆ ಹೋಗುತ್ತದೆ. ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕಾಗುತ್ತದೆ. ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ, ಆಮೇಲೆ ನಿಮ್ಮ ಠಾಣೆಯಿಂದ ವಿಚಾರಣೆ ಆಗುತ್ತದೆ. ಇದಕ್ಕೇ ಸಮಯ ಹಿಡಿಯುವುದು. ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆಯೇ ಹಾಕಿಡಿ. ಆಧಾರ್‌ನಲ್ಲಿರುವ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ವ್ಯತ್ಯಾಸ ಇರಬಾರದು. ನಮ್ಮ ಕಡೆ ಇಲ್ಲೇ ತೊಂದರೆ ಜಾಸ್ತಿ. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಶಿಯಲ್.

ಈಗ ಅವ್ವನ ವಿಷಯ. ನನ್ನ ಪ್ರಕಾರ ನಿಮ್ಮ ಇಡೀ ಪ್ಲಾನ್ ತೀರ್ಮಾನವಾಗುವುದು ಅವರ ಮಂಡಿಯ ಮೇಲೆ. ಹಡಗು ಅಂದರೆ ರೇವಿಗೆ ತಾಗಿ ನಿಲ್ಲುತ್ತದೆ, ಮೆಟ್ಟಿಲಲ್ಲಿ ಇಳಿಯಬಹುದು ಅಂದುಕೊಳ್ಳುತ್ತೇವೆ. ದ್ವೀಪದ ಸುತ್ತ ಹವಳದ ದಂಡೆ ಇರುವುದರಿಂದ ದೊಡ್ಡ ಹಡಗು ಹತ್ತಿರ ಬರುವುದೇ ಕಷ್ಟ. ಸಾಮಾನ್ಯವಾಗಿ ಆಚೆಯೇ ನಿಲ್ಲುತ್ತದೆ. ಸಣ್ಣ ದೋಣಿ ಬಂದು ಹಡಗಿನ ಪಕ್ಕಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಅಲೆಗೆ ದೋಣಿ ಏಳುತ್ತದೆ, ಇಳಿಯುತ್ತದೆ. ಅದು ಏಳುವ ಹೊತ್ತು ನೋಡಿ ಕಾಲಿಡಬೇಕು. ಹಡಗಿನ ಹುಡುಗರು ಎರಡೂ ಕಡೆಯಿಂದ ಕೈ ಹಿಡಿಯುತ್ತಾರೆ, ಅದರಲ್ಲಿ ಅವರು ಪಳಗಿದವರು. ದ್ವೀಪದ ಅಜ್ಜಿಯರು ಸಲೀಸಾಗಿ ದಾಟಿಬಿಡುತ್ತಾರೆ. ಆದರೆ ಮಂಡಿ ಮಡಚಲಾಗದವರಿಗೆ ಅದು ಭಯವೇ. ಒಂದು ಸಲ ಇಳಿದರೆ ಮುಗಿಯುವುದೂ ಇಲ್ಲ. ಹಡಗಿನ ಪ್ಯಾಕೇಜಿನಲ್ಲಿ ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ದ್ವೀಪ ನೋಡುವುದು. ಅಂದರೆ ದಿನಾ ಬೆಳಿಗ್ಗೆ ಇಳಿಯಬೇಕು, ಸಂಜೆ ಹತ್ತಬೇಕು.

ಆದ್ದರಿಂದ ನಿಮಗೆ ವಿಮಾನವೇ ಸರಿ. ಅಗತ್ತಿಯ ರನ್‌ವೇ ಚಿಕ್ಕದು, ಎಟಿಆರ್ ಥರದ ಸಣ್ಣ ವಿಮಾನಗಳಷ್ಟೇ ಇಳಿಯುತ್ತವೆ. ಏರೋಬ್ರಿಡ್ಜ್ ಇಲ್ಲ, ಆದರೆ ಆ ವಿಮಾನದ ಮೆಟ್ಟಿಲೂ ನಾಲ್ಕೈದೇ. ಅಗತ್ತಿಯಲ್ಲೇ ಉಳಿದುಕೊಳ್ಳಿ. ಹತ್ತಿರದ ಬಂಗಾರಂ, ತಿಣ್ಣಕರ ದ್ವೀಪಗಳಿಗೆ ನೀವು ಮಕ್ಕಳ ಜೊತೆ ದೋಣಿಯಲ್ಲಿ ಹೋಗಿ ಸಂಜೆಗೆ ಬನ್ನಿ. ಅವ್ವ ಮನೆಯವರೊಬ್ಬರ ಜೊತೆ ತೆಂಗಿನ ಮರದ ನೆರಳಿನಲ್ಲಿ ಕೂತು ಲಗೂನ್ (ಹವಳದ ದಂಡೆಯ ಒಳಗಿನ ಶಾಂತ ನೀರು) ನೋಡಲಿ. ಅದೇನು ಕಡಿಮೆ ಸುಖ ಅಲ್ಲ.

ತಿಂಗಳು: ಏಪ್ರಿಲ್ ಮೊದಲ ಅರ್ಧ. ಕಾಫಿ ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕುವ ಕೆಲಸ ಮುಗಿದಿರುತ್ತದೆ, ಮಕ್ಕಳ ಪರೀಕ್ಷೆಯೂ ಆಗಿರುತ್ತದೆ, ಸಮುದ್ರ ಶಾಂತ. ಸೆಕೆ ಮಾತ್ರ ನಮ್ಮವರಿಗೆ ತಡೆಯುವುದಿಲ್ಲ, ಎಸಿ ರೂಮೇ ಕೇಳಿ. ಮೇ ಮಧ್ಯಕ್ಕೆ ತಳ್ಳಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಹುಟ್ಟಿದ್ದೇ ಮೇ ಮಧ್ಯದಲ್ಲಿ, ಅದೇ ಸಮುದ್ರದಲ್ಲಿ. ಆಮೇಲೆ ಮಳೆಗಾಲ. ಸೆಪ್ಟೆಂಬರ್‌ವರೆಗೆ ಪ್ರವಾಸದ ಮಾತೇ ಬೇಡ.

ಪ್ರಶ್ನೆ (ವಿರಾಜಪೇಟೆಯಿಂದ): ಅಕ್ಕ, ನಾವು ಐದು ಜನ ಫ್ರೆಂಡ್ಸ್. ಮಂಡಿ ಎಲ್ಲರದ್ದೂ ಗಟ್ಟಿ ಇದೆ! ಹಡಗೇ ಬೇಕು. ಎಲ್ಲಿಂದ ಹತ್ತುವುದು? ಮತ್ತೆ... ನಮ್ಮ ‘ಬಾಟಲಿ’ ಕಥೆ ಏನು?

ಉತ್ತರ: ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಲಕ್ಷದ್ವೀಪದಲ್ಲಿ ಪಾನನಿಷೇಧ. ಬಂಗಾರಂ ರೆಸಾರ್ಟಿಗೆ ಮಾತ್ರ ವಿನಾಯಿತಿ. ಬ್ಯಾಗಿನಲ್ಲಿ ಬಟ್ಟೆ ನಡುವೆ ಸುತ್ತಿಕೊಂಡು ಹೋಗುವ ಆಲೋಚನೆ ಇದ್ದರೆ ಇಲ್ಲೇ ಬಿಡಿ. ಚೆಕಿಂಗ್ ಇದೆ, ಸಿಕ್ಕಿಬಿದ್ದರೆ ಕೇಸು. ನಮ್ಮ ಪಂದಿಕರಿಯೂ (ಹಂದಿ ಮಾಂಸದ ಅಡುಗೆ) ಸಿಗುವುದಿಲ್ಲ, ಊರು ಪೂರ್ತಿ ಮುಸ್ಲಿಮರದ್ದು. ಅದರ ಬದಲಿಗೆ ಟ್ಯೂನಾ ಮೀನು ಇದೆ. ಆ ದಿನ ಹಿಡಿದ ಟ್ಯೂನಾವನ್ನು ಖಾರ ಹಚ್ಚಿ ಹುರಿದು ಕೊಟ್ಟರೆ ನೀವು ಬೇರೇನೂ ಕೇಳಲಿಕ್ಕಿಲ್ಲ.

ಹಡಗು ಕೊಚ್ಚಿಯಿಂದ. ನೀವು ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಮೇಲೆ ಕಣ್ಣೂರಿಗೆ ಹೋಗಿ, ಅಲ್ಲಿಂದ ಎರ್ನಾಕುಳಂಗೆ ರೈಲು ಹಿಡಿಯಿರಿ. ಕಾರಿನಲ್ಲಿ ಅಷ್ಟು ದೂರ ಹೋಗಿ ಪಾರ್ಕಿಂಗ್‌ಗೆ ಒದ್ದಾಡಬೇಡಿ. ಹಡಗಿನ ದಿನಕ್ಕೆ ಒಂದು ದಿನ ಮುಂಚೆಯೇ ಕೊಚ್ಚಿ ಸೇರಿಕೊಳ್ಳಿ. ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಗೆ ‘ಸ್ಪೋರ್ಟ್ಸ್’ ಅಂತ ಹೆಸರು, ಆಫೀಸು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿದೆ. ಅವರ ‘ಸಮುದ್ರಂ’ ಪ್ಯಾಕೇಜ್ ಐದು ದಿನದ್ದು. ಎಂ.ವಿ. ಕವರತ್ತಿ ಹಡಗಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ತೋರಿಸುತ್ತಾರೆ. ಒಂದೇ ದ್ವೀಪ ಸರಿಯಾಗಿ ನೋಡುವ ಸಮಯ ಇದ್ದರೆ ಮಿನಿಕಾಯ್ ಅನ್ನುತ್ತೇನೆ ನಾನು. ಬೇರೆ ದ್ವೀಪಗಳಲ್ಲಿ ಮಲಯಾಳಂ, ಅಲ್ಲಿ ಮಾತ್ರ ಮಾಲ್ಡೀವ್ಸ್ ಕಡೆಯ ಮಹಲ್ ಭಾಷೆ. ಊರಿನ ಕ್ರಮವೇ ಬೇರೆ. 1885ರ ಲೈಟ್‌ಹೌಸ್ ಇದೆ. ಹತ್ತಲು ಬಿಡುವ ಹೊತ್ತು ಕೇಳಿಕೊಂಡು ಹತ್ತಿ, ದ್ವೀಪ ಪೂರ್ತಿ ಕಣ್ಣೆದುರಿಗೆ ಬರುತ್ತದೆ.

ಮಾಕುಟ್ಟದ ತಿರುವಿನಲ್ಲೇ ವಾಂತಿ ಮಾಡುವವರು ನಿಮ್ಮಲ್ಲಿ ಇದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಿ. ಹಡಗು ಹೊರಡುವ ಮುಂಚೆಯೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ನುಂಗಿ ಉಪಯೋಗ ಇಲ್ಲ. ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ ಬರ್ತ್ ಸಿಕ್ಕರೆ ಓಲಾಟ ಕಡಿಮೆ.

ಪ್ರಶ್ನೆ (ಸೋಮವಾರಪೇಟೆಯಿಂದ): ಕೊಚ್ಚಿ ಯಾಕೆ ಮೇಡಂ? ನಮಗೆ ಮಂಗಳೂರು ಹತ್ತಿರ ಅಲ್ವಾ? ಅಲ್ಲಿಂದ ದ್ವೀಪಕ್ಕೆ ಹಡಗು ಇದೆ ಅಂತ ಯಾರೋ ಹೇಳಿದರು.

ಉತ್ತರ: ಸರಕಿನ ಮಂಜಿಗಳು (ಮರದ ದೊಡ್ಡ ದೋಣಿಗಳು) ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತವೆ. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಎಲ್ಲ. ಪ್ರಯಾಣಿಕರ ಬೋಟು ಆಗಾಗ ಬಂದದ್ದೂ ಉಂಟು, ಆದರೆ ಅದನ್ನು ನಂಬಿ ಮನೆಯವರ ಪ್ರವಾಸ ಹಾಕಬೇಡಿ. ಹಳೆಯ ನಂಟು ಮಾತ್ರ ಗಟ್ಟಿ. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು ಟಿಪ್ಪುವಿನ ಆಳ್ವಿಕೆಯಲ್ಲಿದ್ದವು. ಆಮೇಲೆ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನಿಂದಲೇ ಆಡಳಿತ. ಲಕ್ಷದ್ವೀಪ ಅನ್ನೋ ಹೆಸರು ಇಟ್ಟದ್ದು 1973ರಲ್ಲಿ.

ಪ್ರಶ್ನೆ (ಮಡಿಕೇರಿಯಿಂದ): ನಾನು ಆರ್ಮಿಯಲ್ಲಿದ್ದು ರಿಟೈರ್ ಆದವನು. ನನಗೂ ಪರ್ಮಿಟ್ ಬೇಕೇ? ಮಗಳು ಕೆನಡಾ ಪಾಸ್‌ಪೋರ್ಟಿನವಳು, ಅವಳನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಸರ್, ಡ್ಯೂಟಿ ಮೇಲೆ ಹೋಗುವವರ ಮಾತು ಬೇರೆ. ನೀವು ಈಗ ನಮ್ಮ ಹಾಗೆ ಪ್ರವಾಸಿ, ಪರ್ಮಿಟ್ ತಗೊಂಡೇ ಹೋಗಿ. ಮಗಳದ್ದು ಬೇರೆ ಲೆಕ್ಕ. ವಿದೇಶಿ ಪಾಸ್‌ಪೋರ್ಟಿನವರಿಗೆ ಕೆಲವೇ ದ್ವೀಪಗಳು. ಅವಳಿಗೆ ಎಲ್ಲಿಗೆ ಅನುಮತಿ ಸಿಗುತ್ತದೆ ಅಂತ ಮೊದಲು ನೋಡಿ, ಮನೆಯವರೆಲ್ಲ ಅದೇ ದ್ವೀಪಕ್ಕೆ ಹೋಗಿ.

ಪ್ರಶ್ನೆ (ಕುಶಾಲನಗರದಿಂದ): ನನಗೆ ಈಜು ಬರೋದಿಲ್ಲ. ರೀಲ್ಸ್‌ನಲ್ಲಿ ತೋರಿಸೋ ಬಣ್ಣದ ಹವಳ ನೋಡಲು ಆಗುತ್ತಾ?

ಉತ್ತರ: ಈಜು ಬಾರದಿದ್ದರೂ ಪರವಾಗಿಲ್ಲ. ಲಗೂನ್ ಒಳಗೆ ನೀರು ಹೆಚ್ಚು ಆಳ ಇರುವುದಿಲ್ಲ, ಲೈಫ್ ಜಾಕೆಟ್ ಹಾಕಿ ಗೈಡ್ ಜೊತೆ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ, ಕನ್ನಡಕ ಹಾಕಿ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡಬಹುದು. ಅದೂ ಭಯವಾದರೆ ಗಾಜಿನ ತಳದ ದೋಣಿ ಇದೆ. ಗೈಡ್ ಇಲ್ಲದೆ ಹವಳದ ದಂಡೆಯ ಆಚೆ ಮಾತ್ರ ಹೋಗಬೇಡಿ, ಅಲ್ಲಿ ಒಮ್ಮೆಲೇ ಆಳ.

ಬಣ್ಣದ ವಿಷಯ ನೇರವಾಗಿ ಹೇಳುತ್ತೇನೆ, ಬುಕಿಂಗ್ ತಪ್ಪಿದರೂ ಸರಿ. ರೀಲ್ಸಿನ ಬಣ್ಣ ನಿರೀಕ್ಷಿಸಬೇಡಿ. ಸಮುದ್ರದ ನೀರು ಬಿಸಿಯಾದರೆ ಹವಳಕ್ಕೆ ಬಣ್ಣ, ಆಹಾರ ಕೊಡುವ ಪಾಚಿ ಬಿಟ್ಟುಹೋಗುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. 1998, 2010, 2016ರಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಸುಧಾರಿಸಿಕೊಳ್ಳುವಷ್ಟರಲ್ಲಿ 2024ರಲ್ಲಿ ಮತ್ತೆ. ಕೆಲವು ಕಡೆ ಸತ್ತ ಹವಳದ ಬೂದು ತುಂಡುಗಳೇ ಹಾಸಿಕೊಂಡಿವೆ. ಆದರೂ ಮೀನುಗಳಿವೆ, ಅಗತ್ತಿಯ ಲಗೂನ್‌ನಲ್ಲಿ ಹಸಿರು ಆಮೆ ಕಾಣುವ ಅವಕಾಶ ಚೆನ್ನಾಗಿದೆ. ಹವಳದ ಮೇಲೆ ಕಾಲಿಡಬೇಡಿ. ದಡದಲ್ಲಿ ಬಿದ್ದ ತುಂಡನ್ನೂ ಶೋಕೇಸಿಗೆ ಅಂತ ಎತ್ತಿಕೊಳ್ಳಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆನೆ ದಂತ ಮುಟ್ಟಿದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ (ನಾಪೋಕ್ಲಿನಿಂದ): ಎಟಿಎಂ, ನೆಟ್‌ವರ್ಕ್?

ಉತ್ತರ: ನಗದು ತಗೊಂಡು ಹೋಗಿ. ಬ್ಯಾಂಕುಗಳಿವೆ, ಆದರೆ ಎಟಿಎಂ ನಂಬಿ ಕೂರಬೇಡಿ. ಕೊಚ್ಚಿಯಿಂದ ಸಮುದ್ರದೊಳಗಿನ ಕೇಬಲ್ 2024ರಲ್ಲಿ ಶುರುವಾದ ಮೇಲೆ ಇಂಟರ್ನೆಟ್ ಮೊದಲಿಗಿಂತ ಸುಧಾರಿಸಿದೆ. ನಮ್ಮ ಮಳೆಗಾಲದ ನೆಟ್‌ವರ್ಕ್ ಸಹಿಸಿಕೊಂಡವರಿಗೆ ಇದೇನೂ ಕಷ್ಟವಲ್ಲ. ಅಂದಹಾಗೆ, ಊರೊಳಗೆ ಓಡಾಡುವಾಗ ಮೈ ತುಂಬ ಬಟ್ಟೆ ಇರಲಿ. ಈಜುಡುಗೆ ಪ್ರವಾಸಿಗರ ಬೀಚಿನಲ್ಲಿ ಮಾತ್ರ.

ಪ್ರಶ್ನೆ (ಮತ್ತೆ ಗೋಣಿಕೊಪ್ಪದಿಂದ): ಥ್ಯಾಂಕ್ಸ್ ಮೇಡಂ. ಪೊಲೀಸ್ ಸರ್ಟಿಫಿಕೇಟಿಗೆ ನಾಳೆಯೇ ಅರ್ಜಿ ಹಾಕುತ್ತೇನೆ. ಇನ್ನೊಂದು ಸಮಸ್ಯೆ. ಏಪ್ರಿಲ್ 14ಕ್ಕೆ ವಾಪಸ್ ಬಂದರೆ 15ಕ್ಕೆ ಚಿಕ್ಕಪ್ಪನ ಮಗನ ಮದುವೆ. ತಲುಪಬಹುದಲ್ವಾ?

ಉತ್ತರ: ಆ ಲೆಕ್ಕ ಬೇಡ ಸರ್. ಗಾಳಿ, ಮೋಡ ಅಂತ ವಿಮಾನ ರದ್ದಾದರೆ ಅಲ್ಲಿ ಬೇರೆ ದಾರಿ ಇಲ್ಲ. ಮರುದಿನದ ವಿಮಾನದಲ್ಲಿ ಐದು ಸೀಟು ಒಟ್ಟಿಗೆ ಸಿಗುವುದೂ ಅನುಮಾನ. ರಜೆಗೆ ದ್ವೀಪದವರೂ ಓಡಾಡುವ ಸಮಯ, ಹಡಗೂ ತುಂಬಿರುತ್ತದೆ. ಕೈಯಲ್ಲಿ ಎರಡು ದಿನ ಉಳಿಸಿಕೊಂಡೇ ತಾರೀಖು ಹಾಕಬೇಕು. ಮದುವೆ ಮುಗಿಸಿ 17ಕ್ಕೆ ಹೊರಡಿ. ಪರ್ಮಿಟ್ ಅರ್ಜಿಯಲ್ಲೂ ಅದೇ ತಾರೀಖು ಬರೆಸಿ. ಅವ್ವನ ಬಿಪಿ, ಮಂಡಿ ಮಾತ್ರೆಗಳನ್ನು ಒಂದು ವಾರಕ್ಕೆ ಜಾಸ್ತಿಯೇ ಇಟ್ಟುಕೊಳ್ಳಿ, ದೊಡ್ಡ ಬ್ಯಾಗಿನಲ್ಲಿ ಅಲ್ಲ, ಕೈಚೀಲದಲ್ಲಿ.